ಮೂರು ಗುಳಿಗೆ ತಪ್ಪಿವೆ: ಗರ್ಭ ನಿಂತಿರಬಹುದೇ?

ಸಿಂಧನೂರಿನ ಸೊಸೆ (ಬುಧವಾರ, ಬೆಳಿಗ್ಗೆ)

ಎಲ್ಲ ಅಕ್ಕಂದಿರಿಗೂ ನಮಸ್ಕಾರ. ನಾನು ಸಿಂಧನೂರು ತಾಲ್ಲೂಕಿನ ಒಂದು ಕ್ಯಾಂಪಿನಲ್ಲಿ ಇದ್ದೇನೆ. ಎರಡನೆಯ ಕೂಸಿಗೆ ಎರಡು ವರ್ಷ ತುಂಬಿದೆ. ಸದ್ಯಕ್ಕೆ ಇನ್ನೊಂದು ಬೇಡವೆಂದು ಎಂಟು ತಿಂಗಳಿಂದ ಆಶಾ ಅಕ್ಕ ತಂದುಕೊಡುವ ಮಾಲಾ-ಎನ್ ಗುಳಿಗೆಯನ್ನು ರಾತ್ರಿ ಊಟವಾದ ಮೇಲೆ ನುಂಗುತ್ತಿದ್ದೇನೆ. ಕಳೆದ ವಾರ ಗವಿಮಠದ ಜಾತ್ರೆಗೆಂದು ಕೊಪ್ಪಳದಲ್ಲಿರುವ ನಮ್ಮ ಅಕ್ಕನ ಮನೆಗೆ ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ಮಕ್ಕಳ ಅಂಗಿ, ಹಾಲಿನ ಬಾಟಲಿ, ಜೋಳದ ರೊಟ್ಟಿಯ ಗಂಟು ಎಲ್ಲವೂ ನೆನಪಿದ್ದವು, ಆದರೆ ಗುಳಿಗೆಯ ಪಟ್ಟಿ ಮಾತ್ರ ಟ್ರಂಕಿನಲ್ಲಿ ಸೀರೆಗಳ ಕೆಳಗೇ ಉಳಿಯಿತು. ಹೀಗಾಗಿ ಮೂರು ಗುಳಿಗೆ ತಪ್ಪಿದವು. ಮನೆಗೆ ಬಂದ ಮೇಲೆ ಒಂದು ದಿನವೂ ಬಿಟ್ಟಿಲ್ಲ. ಆದರೂ ನಿನ್ನೆಯಿಂದ ಹೊಟ್ಟೆ ತೊಳಸುತ್ತಿದೆ, ಚಹಾ ಕುಡಿಯಲು ಮನಸ್ಸಿಲ್ಲ. ಗರ್ಭ ನಿಂತಿರಬಹುದೇ ಎಂಬ ಚಿಂತೆ ಹತ್ತಿದೆ. ಮನೆಯಲ್ಲಿ ಯಾರಿಗೂ ಹೇಳಿಲ್ಲ.

ಗಂಗಾವತಿ ಅಕ್ಕ

ತಂಗಿ, ಇಷ್ಟಕ್ಕೆಲ್ಲ ಗಾಬರಿಯಾಗಬೇಡಿ. ಭತ್ತದ ನಾಟಿಯ ಕಾಲದಲ್ಲಿ ನನಗೂ ಎರಡು ಸಲ ಹೀಗೆ ಗುಳಿಗೆ ತಪ್ಪಿದ್ದುಂಟು. ಮರುದಿನ ನೆನಪಾದಾಗ ನುಂಗಿದೆ, ಆ ತಿಂಗಳ ಮುಟ್ಟು ಸರಿಯಾಗಿಯೇ ಬಂತು. ನಿಮಗೂ ಹಾಗೆಯೇ ಆಗುತ್ತದೆ.

ಕಾರಟಗಿಯಿಂದ

ನಮ್ಮ ಕಡೆ ಇಂಥ ಸಂದರ್ಭದಲ್ಲಿ ಪಪ್ಪಾಯಿ ಕಾಯಿಯನ್ನೂ ಎಳ್ಳು ಬೆಲ್ಲವನ್ನೂ ಮೂರು ದಿನ ತಿನ್ನಿಸುತ್ತಾರೆ. ಉಷ್ಣವಾಗಿ ಹೊರಗೆ ಆಗಿಬಿಡುತ್ತದೆ ಎಂದು ನಮ್ಮ ಅತ್ತೆ ಹೇಳುತ್ತಿದ್ದರು.

ನಿವೃತ್ತ ಆರೋಗ್ಯ ಸಹಾಯಕಿ, ಕೊಪ್ಪಳ

ಎಳ್ಳು ಬೆಲ್ಲ ತಿನ್ನುವುದಾದರೆ ತಿನ್ನಿ, ಸಂಕ್ರಾಂತಿಯದು ಮನೆಯಲ್ಲಿ ಇನ್ನೂ ಉಳಿದಿರಬಹುದು. ಅದರಿಂದ ಗರ್ಭ ತಡೆಯುವುದೂ ಇಲ್ಲ, ಇಳಿಯುವುದೂ ಇಲ್ಲ. ಅದನ್ನು ನಂಬಿ ಕುಳಿತರೆ ಮೂರು ದಿನ ಸುಮ್ಮನೆ ಕಳೆಯುತ್ತದೆ. ಈ ವಿಷಯದಲ್ಲಿ ಆ ಮೂರು ದಿನಕ್ಕೇ ಬೆಲೆ ಹೆಚ್ಚು.

ಗಂಗಾವತಿ ಅಕ್ಕನವರು ಹೇಳಿದ್ದು ಅವರ ಮಟ್ಟಿಗೆ ಸುಳ್ಳಲ್ಲ. ಒಂದು ಗುಳಿಗೆ ತಪ್ಪಿ ಮರುದಿನವೇ ನುಂಗಿದರೆ ಭಯಪಡಬೇಕಾಗಿಲ್ಲ. ಆದರೆ ಸಿಂಧನೂರಿನ ತಂಗಿ "ಮೂರು ತಪ್ಪಿದವು" ಎಂದು ಮಾತ್ರ ಬರೆದಿದ್ದಾರೆ, ಯಾವ ಮೂರು ಎಂಬುದನ್ನು ಹೇಳಿಲ್ಲ. ಆ ಪಟ್ಟಿಯಲ್ಲಿ 28 ಗುಳಿಗೆಗಳಿದ್ದರೂ ಅವೆಲ್ಲ ಒಂದೇ ಅಲ್ಲ. 21 ಬಿಳಿಯವು, ಅವುಗಳಲ್ಲಿ ಮಾತ್ರ ಗರ್ಭ ತಡೆಯುವ ಹಾರ್ಮೋನು ಇದೆ. ಉಳಿದ 7 ಕಂದು ಬಣ್ಣದವು ಬರೀ ಕಬ್ಬಿಣಾಂಶದವು. ರಕ್ತಕ್ಕೆ ಒಳ್ಳೆಯದು, ದಿನಕ್ಕೊಂದು ನುಂಗುವ ರೂಢಿಯೂ ತಪ್ಪುವುದಿಲ್ಲ ಎಂದು ಇಟ್ಟಿದ್ದಾರೆ. ಕಂದು ಗುಳಿಗೆ ಏಳೂ ತಪ್ಪಿದರೂ, ಹೊಸ ಪಟ್ಟಿಯನ್ನು ಸರಿಯಾದ ದಿನಕ್ಕೆ ಶುರು ಮಾಡಿದ್ದರೆ ಗರ್ಭದ ಭಯವಿಲ್ಲ.

ಆದ್ದರಿಂದ ತಂಗಿ, ಈಗಲೇ ಟ್ರಂಕು ತೆಗೆದು ಪಟ್ಟಿಯನ್ನು ಕೈಯಲ್ಲಿ ಹಿಡಿದು ನೋಡಿ, ಮೂರು ಸಂಗತಿ ಬರೆಯಿರಿ. ಎಷ್ಟು ಬಿಳಿ ಗುಳಿಗೆ ಖಾಲಿಯಾಗಿವೆ, ಎಷ್ಟು ಉಳಿದಿವೆ? ಹಿಂದಿನ ಪಟ್ಟಿಯ ಕೊನೆಯ ಕಂದು ಗುಳಿಗೆಯನ್ನು ಯಾವ ವಾರದಂದು ನುಂಗಿದಿರಿ? ಊರಿಗೆ ಹೋಗುವ ಮುಂಚೆ ಮತ್ತು ಬಂದ ಮೇಲೆ ಯಜಮಾನರೊಂದಿಗೆ ಯಾವ ದಿನ ಕೂಡಿದಿರಿ? ಇಲ್ಲಿ ನಾಚಿಕೆಪಡಬೇಡಿ, ದಿನದ ಲೆಕ್ಕವಿಲ್ಲದೆ ಉತ್ತರ ಹೇಳಲು ಬರುವುದಿಲ್ಲ.

ಸಿಂಧನೂರಿನ ಸೊಸೆ

ಪಟ್ಟಿ ಕೈಯಲ್ಲಿದೆ ಅಕ್ಕ. 6 ಬಿಳಿ ಖಾಲಿಯಾಗಿವೆ, 15 ಬಿಳಿ ಇವೆ, ಕೆಳಗಿನ ಸಾಲಿನ ಕಂದು 7 ಹಾಗೆಯೇ ಇವೆ. ಹಿಂದಿನ ಪಟ್ಟಿ ಮುಗಿದದ್ದು ಹೋದ ವಾರದ ಹಿಂದಿನ ಭಾನುವಾರ. ಸೋಮವಾರ ಬೆಳಿಗ್ಗೆ ಕೊಪ್ಪಳದ ಬಸ್ಸು ಹತ್ತಿದೆ. ಸೋಮವಾರ, ಮಂಗಳವಾರ, ಬುಧವಾರ ನುಂಗಲಿಲ್ಲ. ಗುರುವಾರ ಸಂಜೆ ಮನೆಗೆ ಬಂದು ಆ ರಾತ್ರಿ ಹೊಸ ಪಟ್ಟಿಯ ಮೊದಲನೆಯದನ್ನು ನುಂಗಿದೆ. ಹೋಗುವ ಮುಂಚಿನ ಭಾನುವಾರ ರಾತ್ರಿ ಕೂಡಿದ್ದೆವು, ಬಂದ ಮೇಲೆ ಶನಿವಾರ ರಾತ್ರಿ. ಎರಡು ಸಲವೂ ಬೇರೇನನ್ನೂ ಬಳಸಿಲ್ಲ. ಹೊಸ ಪಟ್ಟಿ ಇನ್ನೂ ಶುರುವೇ ಆಗಿರಲಿಲ್ಲವಲ್ಲ, ಅದಕ್ಕೇ ತಪ್ಪಿದ್ದು ಅಷ್ಟು ದೊಡ್ಡದಲ್ಲ ಎಂದುಕೊಂಡಿದ್ದೆ.

ನಿವೃತ್ತ ಆರೋಗ್ಯ ಸಹಾಯಕಿ, ಕೊಪ್ಪಳ

ತಂಗಿ, ನೀವು ತಿಳಿದದ್ದು ಉಲ್ಟಾ ಆಗಿದೆ. ನಾನು ಕೆಲಸದಲ್ಲಿದ್ದಾಗ ಹಳ್ಳಿಹಳ್ಳಿಗಳಲ್ಲಿ ಅತಿ ಹೆಚ್ಚು ಕಂಡ ತಪ್ಪು ಇದೇ. ಪಟ್ಟಿಯ ನಡುವೆ ಒಂದು ಗುಳಿಗೆ ತಪ್ಪಿದರೆ ಹೆಂಗಸರು ಹೆದರಿ ಓಡಿ ಬರುತ್ತಾರೆ. ಹೊಸ ಪಟ್ಟಿ ಮೂರು ದಿನ ತಡವಾದರೆ ಅದನ್ನು ತಪ್ಪೆಂದೇ ಎಣಿಸುವುದಿಲ್ಲ.

ಬಿಳಿ ಗುಳಿಗೆಯ ಹಾರ್ಮೋನು ದಿನವೂ ಹೊಟ್ಟೆಗೆ ಹೋಗುತ್ತಿರುವವರೆಗೆ ಅಂಡಾಶಯ ತೆಪ್ಪಗೆ ಇರುತ್ತದೆ, ಅಂಡ ಬಲಿಯುವುದಿಲ್ಲ. ಕಂದು ಗುಳಿಗೆಯ ಏಳು ದಿನ ಹಾರ್ಮೋನು ನಿಂತಾಗ ಅದು ಮೆಲ್ಲಗೆ ಎಚ್ಚರಗೊಳ್ಳಲು ತೊಡಗುತ್ತದೆ. ಎಂಟನೆಯ ದಿನ ಮತ್ತೆ ಬಿಳಿ ಗುಳಿಗೆ ಬಿದ್ದರೆ ಮತ್ತೆ ಮಲಗುತ್ತದೆ. ನಿಮ್ಮಲ್ಲಿ ಏಳಕ್ಕೆ ಮೂರು ಸೇರಿ ಹತ್ತು ದಿನ ಹಾರ್ಮೋನು ಇಲ್ಲದೆ ಹೋಯಿತು. ಕಾಲುವೆಗೆ ನೀರು ಬಿಡುವ ಸರದಿ ಏಳು ದಿನಕ್ಕೊಮ್ಮೆ ಇದ್ದರೆ ಪೈರು ತಡೆಯುತ್ತದೆ, ಹತ್ತು ದಿನವಾದರೆ ಬಾಡುತ್ತದೆ ಎಂಬುದು ನಿಮಗೆ ನಾನು ಹೇಳಬೇಕಾಗಿಲ್ಲ. ಪಟ್ಟಿಯ ನಡುವಿನ ಗುಳಿಗೆ ತಪ್ಪುವುದಕ್ಕಿಂತ, ಕಂದು ಗುಳಿಗೆಗಳ ಹಿಂದಿನ ಅಥವಾ ಮುಂದಿನ ಬಿಳಿಯವು ತಪ್ಪುವುದು ಹೆಚ್ಚು ಅಪಾಯ ಎನ್ನುವುದು ಇದೇ ಕಾರಣಕ್ಕೆ.

ಇನ್ನು ಕೂಡಿದ ದಿನಗಳ ವಿಚಾರ. ಗಂಡಸಿನ ವೀರ್ಯಾಣು ಹೆಣ್ಣಿನ ದೇಹದೊಳಗೆ ಐದು ದಿನದವರೆಗೂ ಬದುಕಿರಬಲ್ಲದು. ಆದ್ದರಿಂದ ಭಾನುವಾರದ್ದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಅದಾಗಿ ಹತ್ತು ದಿನ ಹತ್ತಿರ ಬಂದಿದೆ, ಅದಕ್ಕೆ ಈಗ ಮಾಡಬಹುದಾದದ್ದು ಏನೂ ಇಲ್ಲ. ಶನಿವಾರದ್ದಕ್ಕೆ ಮಾತ್ರ ಇನ್ನೂ ವೇಳೆ ಇದೆ. ಶನಿವಾರದ ಹೊತ್ತಿಗೆ ನೀವು ಎರಡೋ ಮೂರೋ ಬಿಳಿ ಗುಳಿಗೆ ನುಂಗಿದ್ದಿರಿ. ತಪ್ಪಿದ ಮೇಲೆ ಏಳು ಗುಳಿಗೆ ಸತತವಾಗಿ ಹೊಟ್ಟೆಗೆ ಬಿದ್ದ ಮೇಲಷ್ಟೇ ರಕ್ಷಣೆ ಮರಳಿತೆಂದು ಹೇಳಬಹುದು. ಅಲ್ಲಿಯವರೆಗೆ ನಿರೋಧ್ ಬೇಕಿತ್ತು.

ಶನಿವಾರ ರಾತ್ರಿಯಿಂದ ಈ ಬೆಳಿಗ್ಗೆಗೆ 72 ಗಂಟೆ ದಾಟಿದೆ, 120 ಗಂಟೆ ಆಗಿಲ್ಲ. ತುರ್ತು ಗುಳಿಗೆ, ಅಂದರೆ 1.5 ಮಿಲಿಗ್ರಾಂ ಲೆವೊನಾರ್ಜೆಸ್ಟ್ರೆಲ್ ಇರುವ ಒಂದೇ ಗುಳಿಗೆ, 72 ಗಂಟೆಯೊಳಗೆ ನುಂಗಿದರೆ ಚೆನ್ನಾಗಿ ಕೆಲಸ ಮಾಡುತ್ತದೆ. ಅನಂತರ ಐದನೆಯ ದಿನದವರೆಗೂ ನುಂಗಬಹುದಾದರೂ ಬಲ ಕಡಿಮೆ. ಇದಕ್ಕಿಂತ ಎಷ್ಟೋ ಖಚಿತವಾದದ್ದು ವಂಕಿ, ಎಂದರೆ ಗರ್ಭಕೋಶದೊಳಗೆ ಇಡುವ ಕಾಪರ್-ಟಿ. ಐದು ದಿನದೊಳಗೆ ಹಾಕಿಸಿಕೊಂಡರೆ ಈ ಸಲದ ಭಯವೂ ಹೋಗುತ್ತದೆ, 380-ಎ ಎಂಬುದಾದರೆ ಮುಂದೆ ಹತ್ತು ವರ್ಷ ಗುಳಿಗೆಯ ತಂಟೆಯೂ ಇರುವುದಿಲ್ಲ. ಭಾನುವಾರದ ಲೆಕ್ಕವೂ ಇರುವುದರಿಂದ ಹಾಕುವ ಮುಂಚೆ ವೈದ್ಯರು ನಿಮ್ಮ ದಿನಗಳನ್ನು ವಿಚಾರಿಸಿಯೇ ನಿರ್ಧರಿಸುತ್ತಾರೆ. ನಾಳೆ ತಾಲ್ಲೂಕು ಆಸ್ಪತ್ರೆಗೆ ಹೋಗಲು ಸಾಧ್ಯವಿದ್ದರೆ ಅದನ್ನು ಕೇಳಿ. ಸಾಧ್ಯವಿಲ್ಲದಿದ್ದರೆ ಮಧ್ಯಾಹ್ನದೊಳಗೆ ಆಶಾ ಅಕ್ಕನ ಹತ್ತಿರ ತುರ್ತು ಗುಳಿಗೆ ಕೇಳಿ ಪಡೆಯಿರಿ. ಅದು ಅಂಡ ಹೊರಬರುವುದನ್ನು ತಡಮಾಡುತ್ತದೆ. ಈಗಾಗಲೇ ನಿಂತ ಗರ್ಭವಿದ್ದರೆ ಅದನ್ನು ಇಳಿಸುವುದಿಲ್ಲ, ಕೆಡಿಸುವುದೂ ಇಲ್ಲ. ನುಂಗಿದ ಎರಡು ತಾಸಿನೊಳಗೆ ವಾಂತಿಯಾದರೆ ಇನ್ನೊಂದು ನುಂಗಬೇಕಾಗುತ್ತದೆ. ಮಾಲಾ-ಎನ್ ಅನ್ನು ಈ ರಾತ್ರಿಯೂ ಬಿಡಬೇಡಿ, ಇಂದಿನಿಂದ ಏಳು ದಿನ ನಿರೋಧ್ ಬಳಸಿ.

ನಿಮಗೆ ಈಗ ಹೊಟ್ಟೆ ತೊಳಸುತ್ತಿರುವುದು ಗರ್ಭದ ಲಕ್ಷಣವಲ್ಲ. ಗರ್ಭ ನಿಂತರೂ ಇಷ್ಟು ಬೇಗ ವಾಕರಿಕೆ ಬರುವುದಿಲ್ಲ. ಹತ್ತು ದಿನ ನಿಂತಿದ್ದ ಹಾರ್ಮೋನು ಮತ್ತೆ ಶುರುವಾದಾಗ ಹೀಗಾಗುತ್ತದೆ, ಜೊತೆಗೆ ಚಿಂತೆಯೂ ಸೇರಿದೆ.

ತೋರಣಗಲ್ಲು ಪಾಳಿ

ಹೆಣ್ಣುಮಕ್ಕಳ ಚರ್ಚೆಯಲ್ಲಿ ನಾನು ಗಂಡಸು ಮಾತನಾಡುತ್ತಿರುವುದಕ್ಕೆ ಕ್ಷಮೆ ಇರಲಿ. ನಾನು ಉಕ್ಕಿನ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸದವನು. ವಾರಕ್ಕೊಂದು ಪಾಳಿ ಬದಲಾದಂತೆ ಮನೆಯವಳ ಗುಳಿಗೆಯ ಸಮಯವೂ ಬದಲಾಗುತ್ತದೆ. ಮೊನ್ನೆ ಎರಡನೆಯ ವಾರದ ಒಂದು ಬಿಳಿ ಗುಳಿಗೆ ಮರೆತು ಮರುದಿನ ಸಂಜೆ ಎರಡನ್ನು ಒಟ್ಟಿಗೆ ನುಂಗಿದಳು. ಇದರಿಂದ ತೊಂದರೆ ಇದೆಯೇ?

ನಿವೃತ್ತ ಆರೋಗ್ಯ ಸಹಾಯಕಿ, ಕೊಪ್ಪಳ

ತಮ್ಮಾ, ಅವರು ಮಾಡಿದ್ದು ಸರಿಯಾಗಿದೆ. ಒಂದು ತಪ್ಪಿದರೆ ನೆನಪಾದ ಕೂಡಲೇ ಅದನ್ನು ನುಂಗಿ, ಆ ದಿನದ್ದನ್ನು ಅದರ ಸಮಯಕ್ಕೆ ನುಂಗಬೇಕು. ಒಂದೇ ಹೊತ್ತಿಗೆ ಎರಡಾದರೂ ಪರವಾಗಿಲ್ಲ, ನಿರೋಧ್ ಬೇಕಾಗಿಲ್ಲ. ಎರಡು ಅಥವಾ ಅದಕ್ಕಿಂತ ಹೆಚ್ಚು ಬಿಳಿ ಗುಳಿಗೆ ತಪ್ಪಿದಾಗ ಮಾತ್ರ ಏಳು ದಿನದ ನಿರೋಧ್ ನಿಯಮ. ಆಗಲೂ ತಪ್ಪಿದವೆಲ್ಲವನ್ನೂ ರಾಶಿ ಹಾಕಿ ನುಂಗದೆ, ಕೊನೆಗೆ ತಪ್ಪಿದ ಒಂದನ್ನು ಮಾತ್ರ ನುಂಗಿ ಮುಂದುವರಿಯಬೇಕು. ಮೂರನೆಯ ವಾರದಲ್ಲಿ ಹೀಗೆ ತಪ್ಪಿದರೆ ಉಳಿದ ಬಿಳಿಯವನ್ನು ಮುಗಿಸಿ, ಕಂದು ಗುಳಿಗೆಗಳನ್ನು ಬಿಟ್ಟು, ಮರುದಿನವೇ ಹೊಸ ಪಟ್ಟಿ ಒಡೆಯಬೇಕು. ಆ ತಿಂಗಳು ಮುಟ್ಟು ಬರದಿದ್ದರೆ ಅದಕ್ಕಾಗಿ ಗಾಬರಿ ಬೇಡ. ಮತ್ತೆ, ಗುಳಿಗೆಯ ಸಮಯವನ್ನು ನಿಮ್ಮ ಪಾಳಿಗೆ ಕಟ್ಟಬೇಡಿ. ಬೆಳಿಗ್ಗೆ ಹಾಲು ಕಾಯಿಸುವ ಹೊತ್ತಿಗೆ ಕಟ್ಟಿದರೆ ಯಾವ ಪಾಳಿಯಲ್ಲೂ ಅದು ಬದಲಾಗುವುದಿಲ್ಲ.

ಸಿಂಧನೂರಿನ ಸೊಸೆ (ಬುಧವಾರ, ಸಂಜೆ)

ಅಕ್ಕ, ಆಸ್ಪತ್ರೆಗೆ ಹೋಗುವುದೆಂದರೆ ಅತ್ತೆಯವರು ಜೊತೆಗೆ ಹೊರಡುತ್ತಾರೆ, ಈ ವಾರ ಅದು ಆಗದ ಮಾತು. ಆಶಾ ಅಕ್ಕನ ಮನೆಗೆ ಕೂಸಿನ ಲಸಿಕೆ ಕಾರ್ಡು ಹಿಡಿದುಕೊಂಡು ಹೋದೆ. ಅವರು ಏನನ್ನೂ ಕೆದಕಲಿಲ್ಲ. ಅಡುಗೆಮನೆಯಲ್ಲೇ ತಂಬಿಗೆಯಲ್ಲಿ ನೀರು ಕೊಟ್ಟು ತುರ್ತು ಗುಳಿಗೆ ನುಂಗಿಸಿದರು. ಒಂದು ಪೊಟ್ಟಣ ನಿರೋಧ್ ಅನ್ನು ಲಸಿಕೆ ಕಾರ್ಡಿನ ಚೀಲದಲ್ಲಿಯೇ ಇಟ್ಟುಕೊಟ್ಟರು. ಮಧ್ಯಾಹ್ನ ಒಂದೂವರೆಗೆ ನುಂಗಿದ್ದು, ವಾಂತಿಯಾಗಿಲ್ಲ. ಈಗ ಎಷ್ಟು ದಿನಕ್ಕೆ ಪರೀಕ್ಷೆ ಮಾಡಿದರೆ ತಿಳಿಯುತ್ತದೆ? ಅಕಸ್ಮಾತ್ ಗರ್ಭ ನಿಂತಿದ್ದರೆ, ತಿಳಿಯದೆ ದಿನವೂ ನುಂಗುತ್ತಿರುವ ಈ ಗುಳಿಗೆಗಳಿಂದ ಕೂಸಿಗೆ ಊನವಾಗುತ್ತದೆಯೇ?

ನಿವೃತ್ತ ಆರೋಗ್ಯ ಸಹಾಯಕಿ, ಕೊಪ್ಪಳ

ಆಗುವುದಿಲ್ಲ. ಗರ್ಭ ನಿಂತದ್ದು ತಿಳಿಯದೆ ಮಾಲಾ-ಎನ್ ನುಂಗಿದವರ ಮಕ್ಕಳಿಗೆ ಅದರಿಂದ ಊನ ಬರುವುದಿಲ್ಲವೆಂಬುದು ಬಹಳ ಕಾಲದಿಂದ ತಿಳಿದ ಸಂಗತಿ. ಗರ್ಭ ಖಚಿತವಾದ ದಿನ ನಿಲ್ಲಿಸಿದರಾಯಿತು.

ಪರೀಕ್ಷೆಗೆ ಅವಸರ ಮಾಡಬೇಡಿ. ಕೊನೆಯ ಸಲ ರಕ್ಷಣೆಯಿಲ್ಲದೆ ಕೂಡಿದ ದಿನದಿಂದ 21 ದಿನ ಎಣಿಸಿ. ಶನಿವಾರದಿಂದ ಮೂರನೆಯ ಶನಿವಾರ ಬೆಳಿಗ್ಗೆ ಮಾಡಿ. ಅದಕ್ಕಿಂತ ಮುಂಚೆ ಮಾಡಿ ಇಲ್ಲವೆಂದು ಬಂದರೆ ಅದನ್ನು ನಂಬುವಂತಿಲ್ಲ. ನಿಮ್ಮ ಪಟ್ಟಿಯ ಪ್ರಕಾರ ಆ ಹೊತ್ತಿಗೆ ಎರಡು ಕಂದು ಗುಳಿಗೆ ನುಂಗಿರುತ್ತೀರಿ, ಮುಟ್ಟು ಬಂದಿರಲೂಬಹುದು. ಬಂದರೂ ಪರೀಕ್ಷೆ ಬಿಡಬೇಡಿ, ಏಕೆಂದರೆ ಕಂದು ಗುಳಿಗೆಯ ವಾರದಲ್ಲಿ ಬರುವುದು ಹಾರ್ಮೋನು ನಿಂತದ್ದಕ್ಕೆ ಆಗುವ ಸ್ರಾವ. ಅದು ಬಂದಿತೆಂದ ಮಾತ್ರಕ್ಕೆ ಗರ್ಭವಿಲ್ಲ ಎಂದಾಗಲೀ ಬರಲಿಲ್ಲವೆಂದ ಮಾತ್ರಕ್ಕೆ ಗರ್ಭವಿದೆ ಎಂದಾಗಲೀ ಹೇಳಲಾಗದು. ನಡುವೆ ಕಿಬ್ಬೊಟ್ಟೆಯ ಒಂದೇ ಬದಿಯಲ್ಲಿ ತಡೆಯಲಾಗದ ನೋವು, ತಲೆಸುತ್ತು ಬಂದರೆ ಮಾತ್ರ ಅತ್ತೆಯವರಿದ್ದರೂ ಸರಿ, ಯಾರಿದ್ದರೂ ಸರಿ, ಕೂಡಲೇ ಆಸ್ಪತ್ರೆಗೆ ಹೋಗಬೇಕು. ಗರ್ಭ ನಾಳದಲ್ಲಿ ಸಿಕ್ಕಿಕೊಂಡಾಗ ಹಾಗಾಗುತ್ತದೆ. ಅಪರೂಪ, ಆದರೆ ಜೀವಕ್ಕೆ ಅಪಾಯ.

ಮಾನ್ವಿಯ ಶಿಕ್ಷಕಿ

ನನ್ನದೊಂದು ಕಹಿ ಅನುಭವವಿದೆ, ಹೇಳಿಕೊಳ್ಳುತ್ತೇನೆ. ಕೆಲವು ವರ್ಷಗಳ ಹಿಂದೆ ಇದೇ ರೀತಿ ಗುಳಿಗೆ ತಪ್ಪಿ ಒಂದು ಮೆಡಿಕಲ್‌ಗೆ ಹೋಗಿ, ಮುಟ್ಟು ನಾಲ್ಕು ದಿನ ತಡವಾಗಿದೆ ಎಂದಷ್ಟೇ ಹೇಳಿದೆ. ಅಂಗಡಿಯವರು ಪರೀಕ್ಷೆಯಾಗಿದೆಯೇ ಎಂದೂ ಕೇಳದೆ, ಚೀಟಿಯನ್ನೂ ಕೇಳದೆ ಐದು ಗುಳಿಗೆಯ ಕಿಟ್ ಒಂದನ್ನು ಕಾಗದದಲ್ಲಿ ಸುತ್ತಿಕೊಟ್ಟರು. ಮನೆಗೆ ಬಂದು ನುಂಗಿದೆ. ಎರಡು ದಿನ ಎದ್ದು ನಿಲ್ಲಲಾಗದಷ್ಟು ರಕ್ತ ಹೋಯಿತು. ಅದು ಗರ್ಭಪಾತದ ಗುಳಿಗೆ ಎಂಬುದು ಆಮೇಲೆ ವೈದ್ಯರಿಂದ ತಿಳಿಯಿತು. ನಾನು ನಿಜಕ್ಕೂ ಗರ್ಭಿಣಿಯಾಗಿದ್ದೆನೋ ಇಲ್ಲವೋ ಎಂಬುದು ಇಂದಿಗೂ ನನಗೆ ತಿಳಿಯದು.

ಬಳ್ಳಾರಿ ವಕೀಲೆ

ಶಿಕ್ಷಕಿಯವರು ಹೇಳಿದ ಕಿಟ್‌ನಲ್ಲಿರುವುದು ಮಿಫೆಪ್ರಿಸ್ಟೋನ್ ಮತ್ತು ಮಿಸೊಪ್ರೊಸ್ಟಾಲ್. ವೈದ್ಯರ ಚೀಟಿಯಿಲ್ಲದೆ ಅದನ್ನು ಮಾರುವಂತಿಲ್ಲ. ತುರ್ತು ಗುಳಿಗೆಯೇ ಬೇರೆ, ಈ ಕಿಟ್ಟೇ ಬೇರೆ. ಎರಡನ್ನೂ ಜನ ಒಂದೇ ಎಂದು ತಿಳಿದಿರುವುದರಿಂದ ಅನಾಹುತಗಳು ಆಗುತ್ತಿವೆ.

ಸಿಂಧನೂರಿನ ಸಹೋದರಿಗೆ ಬೇಕಾಗದೇ ಇರಲಿ ಎಂದು ಹಾರೈಸುತ್ತಲೇ ಕಾನೂನಿನ ಸ್ಥಿತಿಯನ್ನು ಹೇಳಿಬಿಡುತ್ತೇನೆ. 1971ರ ವೈದ್ಯಕೀಯ ಗರ್ಭಪಾತ ಕಾಯ್ದೆಯಲ್ಲಿ ಗರ್ಭನಿರೋಧಕ ವಿಫಲವಾಗಿ ನಿಂತ ಗರ್ಭದ ಪ್ರಸ್ತಾಪ ಮೊದಲಿನಿಂದಲೂ ಇದೆ. ಅಂಥ ಗರ್ಭದಿಂದ ಹೆಂಗಸಿಗೆ ಆಗುವ ಸಂಕಟವನ್ನು ಮಾನಸಿಕ ಆರೋಗ್ಯಕ್ಕೆ ಆದ ಗಂಭೀರ ಧಕ್ಕೆಯೆಂದೇ ಪರಿಗಣಿಸಬಹುದೆಂದು ಅಲ್ಲಿ ಹೇಳಿದೆ. 2021ರ ತಿದ್ದುಪಡಿಯಲ್ಲಿ "ವಿವಾಹಿತ ಮಹಿಳೆ ಅಥವಾ ಆಕೆಯ ಗಂಡ" ಎಂಬ ಮಾತನ್ನು ತೆಗೆದು "ಮಹಿಳೆ ಅಥವಾ ಆಕೆಯ ಸಂಗಾತಿ" ಎಂಬ ಅರ್ಥದ ಮಾತು ಸೇರಿಸಿದ್ದಾರೆ, ಆದ್ದರಿಂದ ಮದುವೆಯಾಗದವರಿಗೂ ಇದು ಅನ್ವಯಿಸುತ್ತದೆ. 20 ವಾರದವರೆಗೆ ಒಬ್ಬ ನೋಂದಾಯಿತ ವೈದ್ಯರ ಅಭಿಪ್ರಾಯ ಸಾಕು. 18 ತುಂಬಿದ ಹೆಂಗಸಿನ ಒಪ್ಪಿಗೆಯೊಂದೇ ಸಾಕು, ಗಂಡನ ಸಹಿಯನ್ನು ಕಾನೂನು ಕೇಳುವುದಿಲ್ಲ. ಕೆಲವೆಡೆ ರೂಢಿಯಿಂದ ಕೇಳುತ್ತಾರೆ, ಅದು ಬೇರೆ ಮಾತು. ಆಕೆಯ ಹೆಸರನ್ನು ಹೊರಗೆ ಬಿಟ್ಟುಕೊಡುವುದೂ ಅಪರಾಧ.

ರಾಯಚೂರಿನವಳು

ನನ್ನ ನಾದಿನಿ ಕ್ಷಯದ ಚಿಕಿತ್ಸೆಯಲ್ಲಿದ್ದಾಳೆ. ಒಂದು ದಿನವೂ ತಪ್ಪದೆ ಮಾಲಾ-ಎನ್ ನುಂಗುತ್ತಿದ್ದಾಳೆ. ಅವಳಿಗೂ ಭಯವಿದೆಯೇ?

ನಿವೃತ್ತ ಆರೋಗ್ಯ ಸಹಾಯಕಿ, ಕೊಪ್ಪಳ

ಇದೆ. ಕ್ಷಯದ ಔಷಧಿಯಲ್ಲಿರುವ ರಿಫಾಂಪಿಸಿನ್ ಈ ಹಾರ್ಮೋನನ್ನು ಬೇಗನೆ ಕರಗಿಸಿಬಿಡುತ್ತದೆ. ಮೂರ್ಛೆರೋಗದ ಫೆನಿಟೋಯಿನ್, ಕಾರ್ಬಮಜೆಪಿನ್ ಕೂಡ ಹಾಗೆಯೇ. ಅಂಥವರು ಗುಳಿಗೆ ತಪ್ಪಿಸದಿದ್ದರೂ ತಪ್ಪಿಸಿದಂತೆಯೇ. ಅವರಿಗೆ ವಂಕಿ ಅಥವಾ ಮೂರು ತಿಂಗಳಿಗೊಮ್ಮೆ ಕೊಡುವ ಅಂತರಾ ಚುಚ್ಚುಮದ್ದು ಒಳ್ಳೆಯದು. ಕ್ಷಯದ ಔಷಧಿಯನ್ನು ಮಾತ್ರ ಇದಕ್ಕಾಗಿ ನಿಲ್ಲಿಸಬಾರದು. ನೆಗಡಿ, ಗಂಟಲುನೋವಿಗೆ ಕೊಡುವ ಅಮಾಕ್ಸಿಸಿಲಿನ್‌ನಂಥ ಸಾಮಾನ್ಯ ಗುಳಿಗೆಗಳಿಂದ ಈ ತೊಂದರೆ ಇಲ್ಲ.

ಸಿಂಧನೂರಿನ ಸೊಸೆ (ಹದಿನೇಳು ದಿನದ ನಂತರ, ಶನಿವಾರ)

ಅಕ್ಕ, ಈ ಬೆಳಿಗ್ಗೆ ಮಾಡಿದೆ. ಆಶಾ ಅಕ್ಕ ಕೊಟ್ಟ ನಿಶ್ಚಯ್ ಕಿಟ್ ಅನ್ನು ರಾತ್ರಿಯೇ ಬಚ್ಚಲಿನ ಗೂಡಿನಲ್ಲಿ, ಸೀಗೆಪುಡಿಯ ಡಬ್ಬಿಯ ಹಿಂದೆ ಇಟ್ಟಿದ್ದೆ. ಎಲ್ಲರೂ ಏಳುವ ಮುಂಚೆ, ಮೊದಲ ಮೂತ್ರವನ್ನು ಹಿಡಿದು, ಜೊತೆಗಿದ್ದ ಪುಟ್ಟ ನಳಿಕೆಯಿಂದ ಆ ಗುಂಡಿಯೊಳಗೆ ಹನಿ ಬಿಟ್ಟೆ. ನೀರು ಬಿಳಿಯ ಪಟ್ಟಿಯ ಮೇಲೆ ಏರುತ್ತಾ ಹೋಯಿತು, "ಸಿ" ಎಂಬಲ್ಲಿ ಗೆರೆ ಮೂಡಿತು. "ಟಿ" ಎಂಬಲ್ಲಿ ಏನೂ ಇಲ್ಲ. ಮೊಬೈಲಿನಲ್ಲಿ ಐದು ನಿಮಿಷ ನೋಡಿಕೊಂಡೇ ಕುಳಿತಿದ್ದೆ. ಅಷ್ಟರಲ್ಲಿ ಅತ್ತೆಯವರು ಬಾಗಿಲು ಬಡಿದದ್ದರಿಂದ ಕಿಟ್ ಅನ್ನು ಒಲೆಗೆ ಹಾಕಿಬಿಟ್ಟೆ. ಒಂದೇ ಗೆರೆ ಎಂಬುದಂತೂ ಖಂಡಿತ. ಆದರೆ ಮುಟ್ಟು ಇನ್ನೂ ಬಂದಿಲ್ಲ.

ನಿವೃತ್ತ ಆರೋಗ್ಯ ಸಹಾಯಕಿ, ಕೊಪ್ಪಳ

"ಸಿ" ಮೂಡಿದ್ದರಿಂದ ಕಿಟ್ ಕೆಟ್ಟಿರಲಿಲ್ಲ. "ಟಿ" ಹತ್ತಿರ ಮಸುಕಾದ ಗೆರೆಯಿದ್ದರೂ ಗರ್ಭವೆಂದೇ ಹೇಳುತ್ತಿದ್ದೆ. ಅದೂ ಇಲ್ಲವೆಂದರೆ ಗರ್ಭವಿಲ್ಲ. ತುರ್ತು ಗುಳಿಗೆ ನುಂಗಿದ ತಿಂಗಳು ಸ್ರಾವ ಹಿಂದುಮುಂದಾಗುವುದುಂಟು. ಕಂದು ಗುಳಿಗೆಗಳನ್ನು ಮುಗಿಸಿ. ಮುಟ್ಟು ಬರಲಿ ಬಿಡಲಿ, ಮುಂದಿನ ಗುರುವಾರ ರಾತ್ರಿ ಹೊಸ ಪಟ್ಟಿ ಶುರುವಾಗಲೇಬೇಕು. ಅಷ್ಟರಲ್ಲೂ ಬರದಿದ್ದರೆ ಮನಸ್ಸಿನ ಸಮಾಧಾನಕ್ಕೆ ಇನ್ನೊಂದು ಸಲ ಪರೀಕ್ಷೆ ಮಾಡಿ.

ಗಂಗಾವತಿ ಅಕ್ಕ

ಮೊದಲ ದಿನ ನಾನು ಕೊಟ್ಟ ಉತ್ತರ ಅರ್ಧವೇ ಇತ್ತು, ಕ್ಷಮಿಸಿ ತಂಗಿ. ನನಗೆ ತಪ್ಪಿದ್ದು ಪಟ್ಟಿಯ ನಡುವಿನ ಒಂದೊಂದು ಗುಳಿಗೆ. ಅಂದಹಾಗೆ, ವಾರಕ್ಕೊಮ್ಮೆ ನುಂಗುವ ಛಾಯಾ ಗುಳಿಗೆ ಮರೆಯುವವರಿಗೆ ಅನುಕೂಲವಲ್ಲವೇ?

ನಿವೃತ್ತ ಆರೋಗ್ಯ ಸಹಾಯಕಿ, ಕೊಪ್ಪಳ

ಕೆಲವರಿಗೆ ಅನುಕೂಲ. ಅದರಲ್ಲಿ ಮಾಲಾ-ಎನ್‌ನ ಹಾರ್ಮೋನು ಇಲ್ಲ, ಹಾಲುಣಿಸುವ ತಾಯಂದಿರೂ ನುಂಗಬಹುದು. ಮೊದಲ ಮೂರು ತಿಂಗಳು ವಾರಕ್ಕೆ ಎರಡು ಸಲ, ಆಮೇಲೆ ವಾರಕ್ಕೆ ಒಂದೇ ಸಲ. ಆದರೆ ವಾರಕ್ಕೊಮ್ಮೆಯದನ್ನು ಮರೆಯುವುದು ಸುಲಭ. ಏಳು ದಿನಕ್ಕಿಂತ ಹೆಚ್ಚು ತಡವಾದರೆ ಮತ್ತೆ ಮೊದಲಿನಿಂದ, ವಾರಕ್ಕೆ ಎರಡರಂತೆ ಶುರು ಮಾಡಬೇಕಾಗುತ್ತದೆ. ಸೋಮವಾರ ಉಪವಾಸ ಮಾಡುವವರು ಸೋಮವಾರಕ್ಕೇ ಇಟ್ಟುಕೊಂಡು ಮರೆಯದೆ ನುಂಗಿದ್ದನ್ನು ನಾನು ಕಂಡಿದ್ದೇನೆ.

ಸಿಂಧನೂರಿನ ಸೊಸೆ (ಮಂಗಳವಾರ)

ನಿನ್ನೆ ಸಂಜೆ ಹೊರಗೆ ಆಯಿತು ಅಕ್ಕ, ಎಂದಿನಷ್ಟೇ ಇದೆ. ಯಜಮಾನರಿಗೆ ಎಲ್ಲವನ್ನೂ ಹೇಳಿದೆ, ಅವರು ಬೈಯಲಿಲ್ಲ. ಬೇಸಿಗೆಯಲ್ಲಿ ಕಟ್ಟಡದ ಕೆಲಸಕ್ಕೆಂದು ಬೆಂಗಳೂರಿಗೆ ಗುಳೆ ಹೋಗುವ ಮಾತು ನಡೆದಿದೆ, ಮೂರು ತಿಂಗಳಾದರೂ ಅಲ್ಲಿಯೇ. ಆಶಾ ಅಕ್ಕನಿಗೆ ನಾಲ್ಕು ಪಟ್ಟಿ ಕೇಳಿದ್ದೇನೆ. ಗುರುವಾರ ಒಡೆಯಬೇಕಾದ ಪಟ್ಟಿಯನ್ನು ಟ್ರಂಕಿನಿಂದ ತೆಗೆದು ನನ್ನ ಕೈಚೀಲದಲ್ಲಿ ಇಟ್ಟಿದ್ದೇನೆ.